ಯಾವ ಎಕ್ಸ್‌ಟೆನ್ಷನ್ ಅಂತ ಹೆಸರು ಹೇಳಿ

ಸಂಪಾದಕರೇ,

ರಾಯಚೂರಿನಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನನ್ನದು. ಒಂದು ಜಾಲತಾಣ ತೆರೆದ ಕೂಡಲೇ ‘ಎಕ್ಸ್‌ಟೆನ್ಷನ್ ತೆಗೆಯಿರಿ’ ಅನ್ನುತ್ತದೆ, ಅಂದರೆ ಬ್ರೌಸರ್‌ಗೆ ನಾವು ಸೇರಿಸಿಕೊಂಡ ಸಣ್ಣ ತಂತ್ರಾಂಶ. ಯಾವುದು ಅಂತ ಮಾತ್ರ ಹೇಳುವುದಿಲ್ಲ! ಕ್ರೋಮ್ ಸ್ಟೋರ್‌ನಿಂದ ಹಾಕಿದ ಎಕ್ಸ್‌ಟೆನ್ಷನ್‌ಗೆ ಎಲ್ಲರ ಕಂಪ್ಯೂಟರ್‌ನಲ್ಲೂ ಒಂದೇ ಐಡಿ, ಅದು ಪುಟಗಳಿಗೆ ಬಿಟ್ಟುಕೊಟ್ಟ ಚಿತ್ರವನ್ನೋ ಫೈಲನ್ನೋ ಆ ಐಡಿ ಹಿಡಿದು ಜಾಲತಾಣ ಕೇಳುತ್ತದೆ, ಸಿಕ್ಕರೆ ಎಕ್ಸ್‌ಟೆನ್ಷನ್ ಇದೆ ಅಂತ ಅರ್ಥ. ಅಂದರೆ ಹೆಸರು ಗೊತ್ತಿದ್ದೇ ಹುಡುಕುತ್ತಾರೆ, ಅಲ್ವಾ? ಫೈರ್‌ಫಾಕ್ಸ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಐಡಿ, ಹಾಗಾಗಿ ಈ ದಾರಿ ನಡೆಯುವುದಿಲ್ಲ. ಪುಟವನ್ನು ಬದಲಿಸಲು ನಾವೇ ಹಾಕಿಕೊಳ್ಳುವ ಚಿಕ್ಕ ಕೋಡ್, ಅಂದರೆ ಯೂಸರ್ ಸ್ಕ್ರಿಪ್ಟ್‌ಗಂತೂ ಇಂಥ ಐಡಿಯೇ ಇಲ್ಲ. ಪುಟದಲ್ಲಿ ಅದು ಮಾಡಿದ ಬದಲಾವಣೆ ನೋಡಿ ಊಹಿಸಬೇಕು ಅಷ್ಟೇ. ಸುಮ್ನೆ ಊಹೆಯ ಮೇಲೆ ಅರ್ಜಿ ತುಂಬಿಸಲು ಲಿಂಗಸುಗೂರಿನಿಂದ ಬಂದ ಹುಡುಗರನ್ನು ವಾಪಸ್ ಕಳಿಸುವುದು ಸರೀನಾ? ಹೆಸರು ತೋರಿಸಲಿ, ಅದೊಂದನ್ನು ಆಫ್ ಮಾಡುತ್ತೇವೆ.

– ಒಬ್ಬ ಓದುಗ, ರಾಯಚೂರು