ಮಗಳಿಗೊಂದು ಪತ್ರ: 25 ಸಾಕಲ್ವಾ ಅಂತ ಕೇಳಿದ್ದಕ್ಕೆ

ಪುಟ್ಟಿ,

ಬೈಪೋಲಾರ್ ಡಿಪ್ರೆಶನ್‌ಗೆ ಕೊಟ್ಟಿರೋ ಕ್ವೆಟಿಯಾಪಿನ್ 25 ಮಿಲಿಗ್ರಾಂಗೇ ಚೆನ್ನಾಗಿ ನಿದ್ದೆ ಬರ್ತಿದೆ, ನೀನೂ 20ರಲ್ಲೇ ಇದ್ದೀಯಲ್ಲ ಅಮ್ಮಾ, ನನಗ್ಯಾಕೆ 300ರ ತನಕ ಏರಿಸಬೇಕು ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳೋಕೆ ಹೋದರೆ ನೀನು ಮಧ್ಯೆ ಮಧ್ಯೆ ವಾದ ಶುರು ಮಾಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ನಿಜ. ಆದರೆ ನೀನು ಪ್ರೈಮರಿ ಸ್ಕೂಲಿನಲ್ಲಿದ್ದಾಗಿನಿಂದ ಈ ಮಾತ್ರೆಗಳ ಜೊತೆ ಸಂಸಾರ ಮಾಡಿದವಳು.

ಮೊದಲನೇದು, ನನ್ನದು ಲ್ಯುರಾಸಿಡೋನ್, ನಿನ್ನದು ಕ್ವೆಟಿಯಾಪಿನ್. ನನ್ನ 20 ನೋಡಿ ನಿನ್ನ 25 ಅಳೆಯಬೇಡ. ಕ್ಯಾರಿಪ್ರಜಿನ್ ಅಂತ ಇನ್ನೊಂದಿದೆ, ಅದು 1.5 ಮಿಲಿಗ್ರಾಂನಲ್ಲೇ ಬೈಪೋಲಾರ್ ಡಿಪ್ರೆಶನ್‌ಗೆ ಕೆಲಸ ಮಾಡುತ್ತೆ. ಅಂದರೆ ಅದು ನಿನ್ನ ಮಾತ್ರೆಗಿಂತ ಸೌಮ್ಯ ಅಂತೇನೂ ಅಲ್ವಲ್ಲ.

ಎರಡನೇದು ಈ ನಿದ್ದೆ ವಿಷಯ. ಕ್ವೆಟಿಯಾಪಿನ್ 25, 50ರಲ್ಲಿ ಮಾಡೋದು ಹೆಚ್ಚಾಗಿ ಹಿಸ್ಟಮಿನ್ ತಡೆಯೋ ಕೆಲಸ. ಶೀತಕ್ಕೆ ಮಾತ್ರೆ ನುಂಗಿದಾಗ ತೂಕಡಿಕೆ ಬರುತ್ತಲ್ಲ, ಅದೇ ದಾರಿ. ಡೋಸ್ ಮೇಲೆ ಹೋದ ಹಾಗೆ ಸಿರೊಟೋನಿನ್, ಡೋಪಮಿನ್ ಅನ್ನೋ ಮೆದುಳಿನ ರಾಸಾಯನಿಕಗಳ ಕಡೆಗೂ ಕೈ ಹಾಕುತ್ತೆ. ಬೈಪೋಲಾರ್ ಡಿಪ್ರೆಶನ್‌ನಲ್ಲಿ ಇದನ್ನು ಪರೀಕ್ಷೆ ಮಾಡಿದಾಗ ಕೊಟ್ಟಿದ್ದು ದಿನಕ್ಕೆ 300 ಮತ್ತು 600. ಎರಡೂ ಕೆಲಸ ಮಾಡಿದವು, ಆದರೆ 600ರಿಂದ ಜಾಸ್ತಿ ಲಾಭವೇನೂ ಸಿಗಲಿಲ್ಲ. ಅಮೆರಿಕದಲ್ಲಿ 2006ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದಾಗ ಗೊತ್ತುಮಾಡಿದ್ದೂ 300. ಸ್ಕಿಜೋಫ್ರೇನಿಯಾ ಅನ್ನೋ ಇನ್ನೊಂದು ಮಾನಸಿಕ ಕಾಯಿಲೆಗೆ ಇದೇ ಮಾತ್ರೆ 750ರ ತನಕವೂ ಕೊಡ್ತಾರೆ. ಹಾಗಾಗಿ ನಿನ್ನ ಡಾಕ್ಟರ್ ಏನೋ ಭಾರೀ ಡೋಸ್ ಹೇರ್ತಿದ್ದಾರೆ ಅಂತ ಅಂದುಕೊಳ್ಳಬೇಡ. ಸದ್ಯಕ್ಕೆ ನೀನು ತಗೊಳ್ತಿರೋದು ಬರೀ ನಿದ್ದೆಗೆ.

ನನಗೂ ಮೊದಲು ಕ್ವೆಟಿಯಾಪಿನ್ನೇ ಕೊಟ್ಟಿದ್ದು, 25ರಿಂದಲೇ ಶುರು ಮಾಡಿದ್ದರು. ರಾತ್ರಿ ಗಡದ್ದಾಗಿ ನಿದ್ದೆ, ಬೆಳಿಗ್ಗೆ ಎದ್ದರೆ ಅದೇ ಕಥೆ. ಬ್ರಷ್‌ಗೆ ಪೇಸ್ಟ್ ಹಾಕಿ, ನಲ್ಲಿ ತಿರುಗಿಸಿ, ಬ್ರಷ್ ಬಾಯಿಗಿಡೋಕೆ ಆಗದೆ ಹಾಗೇ ನಿಂತಿರುತ್ತಿದ್ದೆ. ನಿಮ್ಮಪ್ಪ ಬಂದು ಏನೂ ಮಾತಾಡದೆ ನಲ್ಲಿ ನಿಲ್ಲಿಸಿ ಹೋಗುತ್ತಿದ್ದರು. ಡೋಸ್ ಏರಿಸಿ ಕೆಲವು ವಾರ ಆದ ಮೇಲೆ ನನಗೆ ಮೊದಲು ವಾಪಸ್ ಬಂದಿದ್ದು ಸಿಟ್ಟು, ಗೊತ್ತಾ? ಟಿವಿ ಸೌಂಡ್ ಜಾಸ್ತಿ ಆಯ್ತು ಅಂತ ನಿಮ್ಮಪ್ಪನ ಮೇಲೆ ರೇಗಿದೆ. ಅವರಿಗೆ ಎಷ್ಟು ಖುಷಿ ಆಯ್ತು ಅಂತೀಯ, ಅಲ್ಲಿಯವರೆಗೆ ಟಿವಿ ಕಿರುಚಿಕೊಂಡರೂ ಆಫ್ ಆಗಿದ್ದರೂ ನನಗೆ ಒಂದೇ ಆಗಿತ್ತಲ್ಲ.

ತೂಕ ಏರಿತು, ಸುಳ್ಳು ಹೇಳಲ್ಲ. ಹೊಟ್ಟೆ ತುಂಬ ಊಟ ಮಾಡಿರ್ತೀನಿ, ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಕೈ ಡಬ್ಬಗಳನ್ನು ಹುಡುಕೋಕೆ ಶುರು. ನಾಲಿಗೆ ಚಪಲ ಅಂತ ಯಾರಾದರೂ ಅಂದರೆ ತಲೆಗೆ ಹಾಕಿಕೊಳ್ಳಬೇಡ, ಹಿಸ್ಟಮಿನ್ ತಡೆದರೆ ಹಸಿವೂ ಏರುತ್ತೆ. ತೂಕ, ಸೊಂಟದ ಅಳತೆ, ಬಿಪಿ, ಶುಗರ್, ಕೊಲೆಸ್ಟ್ರಾಲ್ ಈಗ ಒಂದು ಸಲ, 3 ತಿಂಗಳಿಗೆ ಇನ್ನೊಂದು ಸಲ ನೋಡಬೇಕು. ಬರೆದುಕೊಡದಿದ್ದರೆ ನೀನೇ ಕೇಳು. ಹಾಸಿಗೆಯಿಂದ ದಡಕ್ಕನೆ ಏಳಬೇಡ, ತಲೆ ಸುತ್ತುತ್ತೆ.

ಕೊನೆಗೆ ಶುಗರ್ ಏರ್ತಾ ಬಂತು, ಆಗ ಲ್ಯುರಾಸಿಡೋನ್‌ಗೆ ಬದಲಾಯಿಸಿದರು. ತೂಕದ ಕಾಟ ಕಡಿಮೆ. ಆದರೆ ಇದಕ್ಕೊಂದು ಹಟ ಇದೆ, ಕನಿಷ್ಠ 350 ಕ್ಯಾಲರಿ ಊಟದ ಜೊತೆಗೇ ತಗೊಳ್ಳಬೇಕು. ಖಾಲಿ ಹೊಟ್ಟೆಗೆ ತಗೊಂಡರೆ ರಕ್ತಕ್ಕೆ ಸೇರೋದು ಅರ್ಧದಷ್ಟೇ. ನಾನು ರಾತ್ರಿ ಊಟ ಬಿಡೋದಿಲ್ಲ ಅಂತ ನೀನು ನಗ್ತಿದ್ದೆಯಲ್ಲ, ಕಾರಣ ಇದೇ.

20 ಇದ್ದಿದ್ದನ್ನು 40 ಮಾಡಿದಾಗ ಅಕಥೀಸಿಯಾ ಬಂತು, ಅಂದರೆ ಒಂದು ಕಡೆ ಸುಮ್ನೆ ಇರೋಕೆ ಬಿಡದ ಚಡಪಡಿಕೆ. ಇದೊಂದನ್ನು ಗಮನ ಇಟ್ಟು ಓದು, ಕ್ವೆಟಿಯಾಪಿನ್‌ನಲ್ಲಿ ಕಡಿಮೆ, ಆದರೆ ಬರೋದೇ ಇಲ್ಲ ಅಂತಿಲ್ಲ. ಕೂತರೆ ಮೊಣಕಾಲು ಕುಣಿಯುತ್ತೆ. ನಿಂತರೆ ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಾಯಿಸ್ತಾ ಇರಬೇಕು. ನಡೆದರೆ ಮಾತ್ರ ಒಂಚೂರು ಹಗುರ, ಹಾಗಾಗಿ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಓಡಾಡಿದ್ದೇ ಓಡಾಡಿದ್ದು. ಯಾಕೆ ಇಷ್ಟು ಟೆನ್ಷನ್ ಅಂತ ಅಜ್ಜಿ ಕೇಳಿದರು. ನನಗೆ ಯಾವ ಟೆನ್ಷನ್ನೂ ಇರಲಿಲ್ಲ, ಮಾತ್ರೆಯ ಕೆಲಸ ಅದು. ಡಾಕ್ಟರ್ ಹತ್ರ ಹೋಗಿ ಸುಮ್ನೆ "ಆತಂಕ ಆಗ್ತಿದೆ" ಅಂದರೆ ಕಾಯಿಲೆಯೇ ಜೋರಾಗಿದೆ ಅಂತ ಡೋಸ್ ಇನ್ನೂ ಏರಿಸಬಹುದು, ಆಗ ಪೂರ್ತಿ ಎಡವಟ್ಟು. ನಾನು ಕಾಲಿನ ವಿಷಯ ಹೇಳಿದೆ, ಅವರು ತಕ್ಷಣ 20ಕ್ಕೆ ಇಳಿಸಿದರು. ಅಲ್ಲೇ ಇದ್ದೇನೆ, ಜೊತೆಗೆ ಮೂಡ್ ಏರಿಳಿತ ಹಿಡಿದಿಡೋಕೆ ಲ್ಯಾಮೊಟ್ರಿಜಿನ್ ಅನ್ನೋ ಮಾತ್ರೆ ಇದೆ. ಅಂದರೆ ನನ್ನ 20 ಡಾಕ್ಟರ್ ಮತ್ತು ನಾನು ಏರಿಸಿ ಇಳಿಸಿ ಕಂಡುಕೊಂಡ 20.

ಅಕಥೀಸಿಯಾ ಜೋರಾದಾಗ ಕೆಲವರಿಗೆ ಬದುಕೋದೇ ಬೇಡ ಅನ್ನಿಸುತ್ತೆ. ಹಾಗೇನಾದರೂ ಅನ್ನಿಸಿದರೆ ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯಬೇಡ, ಅವತ್ತೇ ಡಾಕ್ಟರ್‌ಗೆ ಫೋನ್ ಮಾಡು, ನನಗೂ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಸರಿ.

ಬರೀ ಆಂಟಿಡಿಪ್ರೆಸೆಂಟ್ ಕೊಡಬಾರದಾ ಅಂತಲೂ ಕೇಳಿದ್ದೀಯ. ನಮ್ಮಂಥವರಿಗೆ ಅದೊಂದೇ ಕೊಟ್ಟರೆ ಮೇನಿಯಾ, ಅಂದರೆ ಮನಸ್ಸು ಅತಿಯಾಗಿ ಏರಿ ಹತೋಟಿ ತಪ್ಪೋ ಸ್ಥಿತಿ, ಅದರ ಕಡೆಗೆ ತಳ್ಳಿಬಿಡೋ ಭಯ ಇರುತ್ತೆ, ಅದಕ್ಕೇ ಕೊಡಲ್ಲ. ನಿದ್ದೆ ಕಡಿಮೆ ಆಗಿಯೂ ಸುಸ್ತೇ ಇಲ್ಲ ಅನ್ನಿಸಿದರೆ ಅದನ್ನೂ ಹೇಳಬೇಕು. ಮತ್ತೆ, ಬೇಜಾರಾಯ್ತು ಅಂತ ಕ್ವೆಟಿಯಾಪಿನ್ ಒಂದೇ ಸಲ ನಿಲ್ಲಿಸಬೇಡ, ನಿದ್ದೆ ಪೂರ್ತಿ ಹೋಗುತ್ತೆ, ವಾಕರಿಕೆ ಬೇರೆ.

300 ಬೇಡ ಅನ್ನಿಸಿದರೆ ಅದನ್ನು ಡಾಕ್ಟರ್ ಎದುರಿಗೇ ಹೇಳು, ಬೆಳಿಗ್ಗೆ ತಲೆ ಭಾರ ಇರುತ್ತೆ, ಆಫೀಸಿಗೆ ಏಳೋಕಾಗಲ್ಲ ಅಂತ ಬಿಡಿಸಿ ಹೇಳು. ನಿಧಾನಕ್ಕೆ ಏರಿಸಬಹುದು, ಬೇರೆ ಮಾತ್ರೆಯನ್ನೂ ನೋಡಬಹುದು. 25ರಲ್ಲೇ ಕೂತು ನನಗೆ ಯಾವ ಔಷಧಿಯೂ ಹತ್ತಲ್ಲ ಅಂತ ತೀರ್ಮಾನ ಮಾಡೋದು ಮಾತ್ರ ಬೇಡ.

ಮುಂದಿನ ಸಲ ಹೋಗುವಾಗ ಜೊತೆಗೆ ನಾನು ಬರಲಾ, ಇಲ್ಲ ನಿಮ್ಮಪ್ಪ ಬರಬೇಕಾ? ಯಾರೂ ಬೇಡ ಅಂದರೂ ಬೇಜಾರಿಲ್ಲ, ಆದರೆ ಮೊದಲೇ ಹೇಳು, ಅವರು ಈಗಲೇ ರಜೆ ಹಾಕೋಕೆ ಹೊರಟಿದ್ದಾರೆ.

ನಿನ್ನ ಅಮ್ಮ