ಬೂತಿನ ಅಂಕಿ, ಬೀಗದ ಮನೆ

ಕುಂಜಿಬೆಟ್ಟು, ಉಡುಪಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಸಂಶೋಧನಾ ಪ್ರಬಂಧದ ಅಧ್ಯಾಯಗಳನ್ನು ಎರಡು ಸಲ ಓದಿದೆ. ಕೊಣಾಜೆಯ ಹಾಸ್ಟೆಲಿನಲ್ಲಿ ಕೂತು 2023ರ ವಿಧಾನಸಭಾ ಚುನಾವಣೆಯ ಫಾರ್ಮ್ 20 ಹಾಳೆಗಳನ್ನು (ಪ್ರತಿ ಬೂತಿನ ಮತಗಳ ಅಂತಿಮ ಲೆಕ್ಕ) ಬೂತು ಬೂತಾಗಿ ಟೈಪ್ ಮಾಡಿದ್ದೀಯಲ್ಲ, ಆ ತಾಳ್ಮೆಗೇ ಒಂದು ಡಿಗ್ರಿ ಕೊಡಬಹುದು. ಆದರೆ ಒಂದು ಸಾಲು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. "ಓದಿದವರು ಮತ ಹಾಕಲು ಉದಾಸೀನ ಮಾಡುತ್ತಾರೆ" ಎಂದು ಬರೆದಿದ್ದೀಯ. ನಿನ್ನ ರಿಗ್ರೆಶನ್, ಅಂದರೆ ಒಂದು ಅಂಕಿ ಏರಿದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ನೋಡುವ ಲೆಕ್ಕ, ಹಾಗೆ ಹೇಳಿಲ್ಲ ಮಾರಾಯ್ತಿ. ಸಾಕ್ಷರತೆ ಜಾಸ್ತಿ ಇರುವ ಬೂತುಗಳಲ್ಲಿ ಮತದಾನ ಕಡಿಮೆ ಅಂತಷ್ಟೇ ಅದು ಹೇಳಿದ್ದು. ಮತ ಹಾಕದೆ ಉಳಿದವರು ಓದಿದವರೋ ಅಲ್ಲವೋ ಅದಕ್ಕೇನು ಗೊತ್ತು?

ಮೇಷ್ಟ್ರಾಗಿದ್ದಾಗ ನಾನು ಎಷ್ಟೋ ಸಲ ಚುನಾವಣೆ ಡ್ಯೂಟಿ ಮಾಡಿದ್ದೇನೆ. ಮಧ್ಯಾಹ್ನದ ಮೇಲೆ ಜನ ಕಡಿಮೆಯಾದಾಗ ಏಜೆಂಟರು ಮತದಾರರ ಪಟ್ಟಿ ಬಿಡಿಸಿಕೊಂಡು ಕೂರುತ್ತಿದ್ದರು. "ಇವರು ಬೊಂಬಾಯಿ. ಇವರೂ ಬೊಂಬಾಯಿ. ಈ ಮನೆಯಲ್ಲಿ ಅಜ್ಜಿ ಒಬ್ಬರೇ, ಅವರು ಬೆಳಿಗ್ಗೆಯೇ ಹಾಕಿ ಹೋದರು." ಹೆಸರು ಪಟ್ಟಿಯಲ್ಲಿದೆ, ಆಳು ಊರಲ್ಲಿಲ್ಲ. ಮತದಾನದ ಶೇಕಡಾವಾರು ಲೆಕ್ಕ ಹಾಕುವಾಗ ಅಷ್ಟೂ ಹೆಸರು ಕೆಳಗಿನ ಸಂಖ್ಯೆಯಲ್ಲಿ ಸೇರುತ್ತದೆ. ನಮ್ಮ ಕಡೆ ಮಕ್ಕಳನ್ನು ಚೆನ್ನಾಗಿ ಓದಿಸಿದ ಊರುಗಳಲ್ಲೇ ಬೀಗ ಹಾಕಿದ ಮನೆ ಜಾಸ್ತಿ ಅಲ್ವಾ? ಊರು ಬಿಟ್ಟವರ ಲೆಕ್ಕ ನಿನ್ನ ಮಾಡೆಲಿನಲ್ಲಿ ಇಲ್ಲ. ಹಾಗಾಗಿ ಅವರ ಗೈರುಹಾಜರಿಯ ತಪ್ಪನ್ನು ಸಾಕ್ಷರತೆಯ ತಲೆಗೆ ಕಟ್ಟಿದ ಹಾಗೆ ಆಗಿರಬಹುದು. ಮತದಾರರ ಪಟ್ಟಿ ನೋಡಿಕೊಳ್ಳುವ, ಕೆಲವು ಬೂತುಗಳ ಬಿಎಲ್‌ಒಗಳನ್ನು ಕೇಳು. ಯಾವ ಮನೆಗೆ ಬೀಗ ಅಂತ ಅವರಿಗೆ ಬಾಯಿಪಾಠ. ಆ ಸಂಖ್ಯೆ ಸೇರಿಸಿ ಮತ್ತೆ ಓಡಿಸಿದರೆ ಸಾಕ್ಷರತೆಗೂ ಮತದಾನಕ್ಕೂ ಇರುವ ನಂಟನ್ನು ಅಳೆಯುವ ನಿನ್ನ ಗುಣಾಂಕ ಸೊನ್ನೆಯ ಹತ್ತಿರ ಬಂದರೂ ನನಗೆ ಆಶ್ಚರ್ಯವಿಲ್ಲ.

ಗುಂಪಿನ ಅಂಕಿ ನೋಡಿ ಒಬ್ಬೊಬ್ಬರ ಬಗ್ಗೆ ತೀರ್ಮಾನಿಸುವುದು ಹಳೆಯ ಗುಂಡಿ, ನೀನೊಬ್ಬಳೇ ಬಿದ್ದಿದ್ದಲ್ಲ. 1950ರಲ್ಲಿ ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ 1930ರ ಜನಗಣತಿ ಹಿಡಿದು ಇದನ್ನು ತೋರಿಸಿದರು. ಹೊರದೇಶದಲ್ಲಿ ಹುಟ್ಟಿದವರು ಹೆಚ್ಚಿರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ಆದರೆ ಒಬ್ಬೊಬ್ಬರನ್ನೇ ನೋಡಿದರೆ ಹೊರಗಿನವರಲ್ಲೇ ಅನಕ್ಷರಸ್ಥರು ಜಾಸ್ತಿ. ಅವರು ಹೋಗಿ ನೆಲೆಸಿದ್ದು ಓದು ಬಲ್ಲವರ ರಾಜ್ಯಗಳಲ್ಲಿ, ಅಷ್ಟೇ.

ಇನ್ನೊಂದು ಮಾತು. ನಿನ್ನ ಸಾಕ್ಷರತೆ ಅಂಕಿ 2011ರ ಜನಗಣತಿಯದ್ದು. ಮಣಿಪಾಲದ ಸುತ್ತ ಆಮೇಲೆ ಎಷ್ಟು ಫ್ಲಾಟ್ ಎದ್ದಿವೆ ನೋಡಿದ್ದೀಯಲ್ಲ. ಅದನ್ನು ಮುಚ್ಚಿಡಬೇಡ, ಬರೆದುಬಿಡು.

ಪಂಚಾಯಿತಿಗಳಲ್ಲಿ ಮಹಿಳಾ ಪ್ರಾತಿನಿಧ್ಯದ ಅಧ್ಯಾಯ ಚೆನ್ನಾಗಿದೆ. ಅರ್ಥಶಾಸ್ತ್ರಜ್ಞರಾದ ಚಟ್ಟೋಪಾಧ್ಯಾಯ ಮತ್ತು ಡುಫ್ಲೊ 2004ರಲ್ಲಿ ಪ್ರಕಟಿಸಿದ ಕೆಲಸದ ದಾರಿಯನ್ನೇ ಹಿಡಿದಿದ್ದೀಯ. ಪಶ್ಚಿಮ ಬಂಗಾಳ, ರಾಜಸ್ಥಾನಗಳಲ್ಲಿ ಮುಖ್ಯಸ್ಥರ ಸ್ಥಾನ ಮಹಿಳೆಗೆ ಮೀಸಲಾದ ಪಂಚಾಯಿತಿಗಳು ಕುಡಿಯುವ ನೀರಿಗೆ ಹೆಚ್ಚು ಗಮನ ಕೊಟ್ಟವು ಎಂದು ಅವರು ಧೈರ್ಯವಾಗಿ ಹೇಳಿದ್ದು ಯಾಕೆ? ಯಾವ ಪಂಚಾಯಿತಿಗೆ ಮೀಸಲು ಎಂಬುದನ್ನು ಊರಿನವರು ಆರಿಸಿಕೊಂಡಿರಲಿಲ್ಲ, ಸರದಿಯ ಪ್ರಕಾರ ಬಂದಿತ್ತು. ನಿನ್ನ ಪಂಚಾಯಿತಿಗಳಲ್ಲೂ ಸರದಿ ನಿಜವಾಗಿ ಹಾಗೇ ನಡೆದಿದೆಯಾ? ಹಳೆಯ ಮೀಸಲು ಪಟ್ಟಿಗಳನ್ನು ತೆಗೆದು ನೋಡು.

ಆರ್-ಸ್ಕ್ವೇರ್ (ಮಾಡೆಲ್ ಎಷ್ಟರಮಟ್ಟಿಗೆ ವಿವರಿಸುತ್ತದೆ ಎಂಬ ಅಳತೆ) ಕಡಿಮೆ ಬಂತು ಅಂತ ಅಳುಮೋರೆ ಮಾಡಿದ್ದೀಯಂತೆ, ನಿನ್ನಮ್ಮ ಹೇಳಿದಳು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡ, ಬರಲಿ ಬಿಡು. ಆ ಒಂದು ಸಾಲನ್ನು ಮಾತ್ರ ಗೈಡ್‌ಗೆ ತೋರಿಸುವ ಮೊದಲು ಹೊಡೆದುಹಾಕು.

ನಿನ್ನ
ದೊಡ್ಡಪ್ಪ