ಕೊವೆಂಟ್ರಿಯಿಂದ ಅಪ್ಪನಿಗೆ

ಕೊವೆಂಟ್ರಿ, 3 ಜುಲೈ 2016

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿ ನೀವು, ಅಮ್ಮ, ಅಜ್ಜಿ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದು ಜೂನ್ 23ರ ಜನಮತಗಣನೆಯಲ್ಲಿ ತೀರ್ಮಾನವಾದ ಸುದ್ದಿಯನ್ನು ಓದಿ, ನನ್ನ ಕೆಲಸಕ್ಕೋ ವೀಸಾಕ್ಕೋ ಸಂಚಕಾರ ಬಂದೀತೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಅಂಥದ್ದೇನೂ ಇಲ್ಲ. ಭಾರತೀಯರ ವೀಸಾ ಬ್ರಿಟನ್ನಿನ ಸ್ವಂತ ನಿಯಮಗಳಿಗೆ ಸೇರಿದ್ದು, ಒಕ್ಕೂಟದ ಹಂಗು ಅದಕ್ಕಿಲ್ಲ. ಆತಂಕವಿರುವುದು ಒಕ್ಕೂಟದ ಬೇರೆ ದೇಶಗಳಿಂದ ಬಂದವರಿಗೆ. ಕಾಮನ್‌ವೆಲ್ತ್ ದೇಶದವಳೆಂಬ ಕಾರಣಕ್ಕೆ ಭಾರತದ ಪಾಸ್‌ಪೋರ್ಟ್ ಹಿಡಿದ ನನಗೂ ಮತದ ಹಕ್ಕಿತ್ತು. ನಮ್ಮ ಆಸ್ಪತ್ರೆಯ ಇದೇ ವಾರ್ಡಿನಲ್ಲಿ ನನಗಿಂತ ಎಷ್ಟೋ ಮೊದಲಿನಿಂದ ದುಡಿಯುತ್ತಿರುವ ಪೋಲೆಂಡಿನ ನರ್ಸ್‌ಗೆ ಇರಲಿಲ್ಲ. ಯಾರ ಬದುಕಿನ ಪ್ರಶ್ನೆಯೋ ಅವರನ್ನು ಬದಿಗಿಟ್ಟು ನನ್ನನ್ನು ಕೇಳಿದರು! ಈಗ ಆಕೆ ಊಟದ ಬಿಡುವಿನಲ್ಲಿ ಕಾಯಂ ವಾಸದ 85 ಪುಟಗಳ ಅರ್ಜಿಯನ್ನು ಮೇಜಿನ ಮೇಲೆ ಹರಡಿ, ಹಳೆಯ ಸಂಬಳದ ಚೀಟಿಗಳನ್ನು ವರ್ಷವಾರು ಜೋಡಿಸಿಕೊಂಡು, ಪ್ರತಿ ಕ್ರಿಸ್‌ಮಸ್ಸಿಗೆ ತವರಿಗೆ ಹೋಗಿಬಂದ ದಿನಾಂಕಗಳನ್ನು ಹುಡುಕುತ್ತ ಕೂತಿರುತ್ತಾಳೆ.

ಬಿಡೋಣವೆಂದವರು ಶೇ. 51.9, ಇರೋಣವೆಂದವರು ಶೇ. 48.1. ಸ್ಕಾಟ್ಲೆಂಡಿನಲ್ಲಿ ಶೇ. 62 ಮಂದಿ ಇರೋಣವೆಂದರೆ, ನಮ್ಮ ಕೊವೆಂಟ್ರಿಯಲ್ಲಿ ಶೇ. 55.6 ಮಂದಿ ಬಿಡೋಣವೆಂದರು. ಅವರನ್ನೆಲ್ಲ ಪರದೇಶಿಗಳ ದ್ವೇಷಿಗಳೆಂದು ನಾನು ಹೇಳಲಾರೆ. ನಮ್ಮ ಪಕ್ಕದ ಮನೆಯ ಹಿರಿಯರು ಊರಾಚೆಯ ರೈಟನ್ನಿನ ಕಾರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 2006ರಲ್ಲಿ ಅದು ಮುಚ್ಚಿತು, ಆ ಕೆಲಸ ಒಕ್ಕೂಟದ್ದೇ ಸದಸ್ಯ ದೇಶವಾದ ಸ್ಲೊವಾಕಿಯಾಕ್ಕೆ ಹೋಯಿತು. ಇರೋಣವೆಂದೇ ಗುರುತು ಹಾಕಿದ ನನ್ನ ಬಳಿ ಅವರ ಸಿಟ್ಟಿಗೆ ಉತ್ತರವಿಲ್ಲ.

ಸಂವಿಧಾನ ತಿದ್ದುಪಡಿಗೆ ಮೂರನೇ ಎರಡರಷ್ಟು ಬೆಂಬಲ ಏಕೆ ಬೇಕೆಂದು ನೀವು ತರಗತಿಯಲ್ಲಿ ವಿವರಿಸುತ್ತಿದ್ದಿರಲ್ಲ, ಇಲ್ಲಿ 1973ರಿಂದ ಬಂದ ನಂಟನ್ನು ಬರಿಯ ಬಹುಮತಕ್ಕೆ ಬಿಟ್ಟರು. ಕಾನೂನಿನ ಪ್ರಕಾರ ಆ ತೀರ್ಪು ಸಂಸತ್ತಿಗೆ ಸಲಹೆ ಮಾತ್ರ, ಆದರೂ ಅದನ್ನು ಮೀರುವ ಧೈರ್ಯ ಯಾರಿಗೂ ಇದ್ದಂತಿಲ್ಲ. ನನಗೆ ಮುಖ್ಯವಾಗಿ ಕಾಣುವ ದೋಷ ಇದಕ್ಕಿಂತ ದೊಡ್ಡದು: ಬಿಡುವುದೆಂದರೆ ಏನನ್ನು ಬಿಡುವುದು, ಸುಂಕವಿಲ್ಲದ ಮಾರುಕಟ್ಟೆಯನ್ನೋ, ಜನರ ಮುಕ್ತ ಓಡಾಟವನ್ನೋ, ಎರಡನ್ನೂ ಸೇರಿಸಿಯೋ ಎಂಬುದು ಮತಪತ್ರದಲ್ಲಿರಲಿಲ್ಲ. ಒಕ್ಕೂಟದ ಲಿಸ್ಬನ್ ಒಪ್ಪಂದದ 50ನೇ ವಿಧಿಯಂತೆ, ಬಿಡುತ್ತೇವೆಂದು ನೋಟಿಸ್ ಕೊಟ್ಟ ಮೇಲೆ ಮಾತುಕತೆಗೆ ಎರಡು ವರ್ಷ. ಆ ನೋಟಿಸನ್ನು ಮುಂದಿನವರ ತಲೆಗೆ ಕಟ್ಟಿ ಪ್ರಧಾನಿ ಕ್ಯಾಮರೂನ್ ಮರುದಿನ ಬೆಳಿಗ್ಗೆಯೇ ರಾಜೀನಾಮೆ ಘೋಷಿಸಿದರು. ಬಿಡೋಣವೆಂದವರ ಮುಂಚೂಣಿಯಲ್ಲಿದ್ದ ಬೋರಿಸ್ ಜಾನ್ಸನ್ ಮೊನ್ನೆ ಗುರುವಾರ ತಾವು ಪ್ರಧಾನಿ ಹುದ್ದೆಗೆ ಸ್ಪರ್ಧಿಸುವುದಿಲ್ಲವೆಂದುಬಿಟ್ಟರು. ದಿಬ್ಬಣ ಹೊರಟ ಮೇಲೆ ವರನೇ ನಾಪತ್ತೆ. ವಿರೋಧ ಪಕ್ಷವನ್ನು ನೆಚ್ಚೋಣವೆಂದರೆ, ನಾಯಕ ಕಾರ್ಬಿನ್ ವಿರುದ್ಧ ಅವರದೇ ಸಂಸದರು 172–40ರಲ್ಲಿ ಅವಿಶ್ವಾಸ ಸೂಚಿಸಿದ್ದಾರೆ. ಮತ್ತೊಮ್ಮೆ ಮತ ಕೇಳಿರೆಂಬ ಮನವಿಗೆ 40 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದಿವೆ. ಅದರಿಂದ ಏನಾದರೂ ಆದೀತೆಂದು ನನಗನ್ನಿಸುವುದಿಲ್ಲ.

ಇನ್ನು ಮನೆಯ ಸಾಲದ ವಿಷಯ. ಪೌಂಡಿಗೆ ನೂರು ರೂಪಾಯಿಯ ಹತ್ತಿರವಿದ್ದ ದರ ತೊಂಬತ್ತರ ಆಸುಪಾಸಿಗೆ ಇಳಿದಿರುವುದರಿಂದ ಈ ತಿಂಗಳು ನಿಮ್ಮ ಖಾತೆಗೆ ಸ್ವಲ್ಪ ಕಡಿಮೆ ಬರುತ್ತದೆ. ಕಂತಿಗೆ ಸಾಲದೆ ಬಂದರೆ ಸಂಕೋಚಪಡದೆ ತಿಳಿಸಿ.

ಚಿಕ್ಕಪ್ಪ ಮಗನನ್ನು ಓದಲು ಇಲ್ಲಿಗೆ ಕಳಿಸುವ ಬಗ್ಗೆ ವಿಚಾರಿಸಿದ್ದಾರೆ. ಇದೇ ದರದ ಇಳಿಕೆಯಿಂದ ಅವರಿಗೆ ಶುಲ್ಕ ಹಗುರವಾಗುತ್ತದೆ. ಆದರೆ ಓದು ಮುಗಿದ ಮೇಲೆ ಎರಡು ವರ್ಷ ಉಳಿದು ಕೆಲಸ ಮಾಡಬಹುದೆಂಬ ಲೆಕ್ಕ ಬೇಡ. ಆ ವೀಸಾವನ್ನು 2012ರಲ್ಲೇ ನಿಲ್ಲಿಸಿದರು. ಆಗಿನಿಂದಲೂ ಗೃಹ ಸಚಿವೆಯಾಗಿರುವ ಥೆರೇಸಾ ಮೇ ಅವರೇ ಈಗ ಪ್ರಧಾನಿ ಸ್ಪರ್ಧೆಯಲ್ಲಿದ್ದಾರೆ. ಯಾರು ಗೆಲ್ಲುವರೆಂದು ತಿಳಿಯುವವರೆಗೆ ಮುಂಗಡ ಕಟ್ಟದಿರುವಂತೆ ಚಿಕ್ಕಪ್ಪನಿಗೆ ಹೇಳಿ.

ಇತಿ ನಿಮ್ಮ ಪ್ರೀತಿಯ ಮಗಳು